ಟವೆಲ್ ಕೈಗೆ ಬಂದರಷ್ಟೇ ಮಾತು

ರಾತ್ರಿ ಪಾಳಿಯ ಕೊನೆಯ ಯಂತ್ರ ಗಡಗಡ ನಡುಗಿ ನಿಲ್ಲುವ ಹೊತ್ತಿಗೆ ಸರಿಯಾಗಿ ಆಮೇಲಕ್ಕ ಆಸ್ಪತ್ರೆಯ ನೆಲಮಾಳಿಗೆಯ ಮೆಟ್ಟಿಲಿಳಿದು ಬರುತ್ತಾರೆ. ಹೊರಗೆ ಬೀದಿದೀಪ ಇನ್ನೂ ಆರಿಲ್ಲ. ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ, ಇನ್ನೊಂದು ಕೈ ಗೋಡೆಯ ಮೇಲೆ. ಲಾಂಡ್ರಿಯ ನೆಲ ಯಾವಾಗಲೂ ಒದ್ದೆ. ಇಲ್ಲಿಗೆ ಬಂದ ಮೊದಲ ದಿನವೇ ಜಾರಿ ಧೊಪ್ಪೆಂದು ಕೂತುಬಿಟ್ಟಿದ್ದರು. ಎತ್ತಲು ಬಂದ ಹೆಂಗಸರು ನಗು ತಡೆಯಲಾರದೆ ಅರ್ಧದಲ್ಲೇ ಕೈಬಿಟ್ಟು ಮತ್ತೊಮ್ಮೆ ಬೀಳಿಸಿದ್ದರಂತೆ. "ಪರಿಚಯ ಆಗಿದ್ದೇ ಹಾಗೆ. ಭಾಷಣ ಮಾಡೋ ಕಷ್ಟ ತಪ್ತು," ಎಂದು ಅವರೇ ಹೇಳಿಕೊಂಡು ನಗುತ್ತಾರೆ.

ಬಟ್ಟೆ ಮಡಚುವ ಕೋಣೆಯಲ್ಲಿ ಹಬೆ ಪೂರ್ತಿ ಇಳಿದಿರುವುದಿಲ್ಲ. ಗೋಡೆಗುಂಟ ಬಿಳಿ ಹೊದಿಕೆಗಳ ರಾಶಿ, ಒಂದು ಬದಿಗೆ ಬಟ್ಟೆ ಮಡಚುವ ಎರಡು ಉದ್ದನೆಯ ಮೇಜು, ಮೂಲೆಯಲ್ಲಿ ಚಕ್ರದ ಗಾಡಿಗಳು, ನಡುವೆ ಒಂದಿಷ್ಟು ಖಾಲಿ ಜಾಗ. ಆ ಜಾಗದಲ್ಲಿ ಸ್ಟೂಲು, ಮುರುಕು ಕುರ್ಚಿ, ಬೋರಲು ಹಾಕಿದ ಬಕೆಟ್ಟು ಎಂದು ಸಿಕ್ಕಿದ್ದನ್ನೆಲ್ಲ ದುಂಡಗೆ ಇಡುವುದು ಆಮೇಲಕ್ಕನ ಮೊದಲ ಕೆಲಸ. ಪಾಳಿ ಮುಗಿಸಿದ ಹೆಂಗಸರೆಲ್ಲ ಕೂತ ಮೇಲೆ ಉಳಿದದ್ದು ಅವರದು. ಉಳಿಯುವುದು ಹೆಚ್ಚಾಗಿ ಬಕೆಟ್ಟೇ.

ಎಲ್ಲರೂ ಕೂತರೆಂದರೆ ರಾಶಿಯಿಂದ ಒಂದು ಟವೆಲ್ ಹೊರಬರುತ್ತದೆ. ಆಗಷ್ಟೇ ಒಣಗಿದ, ಇನ್ನೂ ಬೆಚ್ಚಗಿರುವ ಟವೆಲ್. ಅದು ಯಾರ ಮಡಿಲಲ್ಲಿದೆಯೋ ಅವರದೇ ಮಾತು. ಮಿಕ್ಕವರು ಚಕಾರ ಎತ್ತುವ ಹಾಗಿಲ್ಲ. ಮಾತು ಮುಗಿದ ಮೇಲೆ ತಮಗೆ ಬೇಕಾದವರ ಕೈಗೆ ದಾಟಿಸಬೇಕು. ಈ ನಿಯಮದಲ್ಲಿ ಆಮೇಲಕ್ಕನಿಗೂ ವಿನಾಯಿತಿ ಇಲ್ಲ. ಗುಂಪು ನಡೆಸಲೆಂದೇ ಸಂಬಳ ಪಡೆಯುವ ಈ ಸಮಾಜಕಾರ್ಯಕರ್ತೆಗೆ ಕೆಲವು ದಿನ ಟವೆಲ್ ಸಿಗುವುದೇ ಇಲ್ಲ. ಅಂಥ ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದು, ಖಾಲಿ ಫ್ಲಾಸ್ಕು ಹಿಡಿದು ಮನೆಗೆ ಹೊರಡುತ್ತಾರೆ.

ಅವರ ಹೆಸರಿಗೂ ಒಂದು ಕಥೆಯಿದೆ. ಮೊದಮೊದಲು ಯಾರು ಏನು ಹೇಳಿದರೂ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಆಮೇಲೆ? ಅತ್ತೆ ಬೈದರು ಎಂದರೆ ಆಮೇಲೆ, ಗಂಡ ಊಟ ಬಿಟ್ಟು ಎದ್ದುಹೋದ ಎಂದರೆ ಆಮೇಲೆ. ಬುದ್ಧಿಮಾತಿಲ್ಲ, ಪರಿಹಾರವಿಲ್ಲ. ಇದೇನು ಸಂಬಳದ ಕೆಲಸ ಎಂದು ಹೆಂಗಸರಿಗೆ ಬೆರಗು. ಸಮಾಜ ಕಲ್ಯಾಣ ಕಚೇರಿಯಲ್ಲಿ ಅವರಿಗೆ ಬೇರೆ ಹೆಸರಿದೆ, ಕೋಣೆಯ ಬಾಗಿಲಿಗೆ ಫಲಕವೂ ಇದೆ. ಲಾಂಡ್ರಿಗೆ ಬಂದು ಆ ಹೆಸರು ಹೇಳಿ ವಿಚಾರಿಸಿದರೆ ಮಾತ್ರ ಅಂಥವರು ಯಾರೂ ಇಲ್ಲಿಲ್ಲ ಎಂಬ ಉತ್ತರ ಗ್ಯಾರಂಟಿ.

ಶಾಲೆಯಲ್ಲಿ ಪಾಠ ಮಾಡುವ ಅವರ ತಂಗಿ ಈ ಮೌನವ್ರತದ ಸುದ್ದಿಯನ್ನು ಸುತರಾಂ ನಂಬುವುದಿಲ್ಲ. "ನಮ್ಮಕ್ಕ ಸುಮ್ನೆ ಕೂರ್ತಾಳಾ? ನಾನು ಒಂದು ಮಾತು ಶುರು ಮಾಡಿದ್ರೆ ಅವಳೇ ಮುಗಿಸ್ತಾಳೆ. ಫೋನಲ್ಲಿ ನನ್ನ ಪಾಲಿಗೆ ಬರೋದು 'ಹಲೋ' ಒಂದೇ." ತಂಗಿಯ ಮಾತು ಸುಳ್ಳಲ್ಲ. ಆಮೇಲಕ್ಕ ಹುಟ್ಟಾ ಮಾತುಗಾತಿ. ಸುಮ್ಮನಿರುವುದು ಅವರಿಗೆ ಸ್ವಭಾವವಾಗಿ ಬಂದದ್ದಲ್ಲ, ಹಲ್ಲು ಕಚ್ಚಿಕೊಂಡು ಕಲಿತದ್ದು.

ಓದಿದ್ದು ಮದುವೆಯಾಗಿ ಮಗಳು ಹುಟ್ಟಿದ ಮೇಲೆ. ಅದಕ್ಕೆ ಮುಂಚೆ ಬಟ್ಟೆ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಬಟ್ಟೆ ಅಳೆದು ಕತ್ತರಿಸುತ್ತಿದ್ದರು. ಆ ಅಂಗಡಿಯಲ್ಲಿ ಕೆಲಸದ ಹೆಂಗಸರು ಕೂರುವ ಹಾಗಿರಲಿಲ್ಲ. ಸಂಜೆಗೆ ಕಾಲು ಊದಿಕೊಂಡರೆ ನನ್ನ ಮೈಯೇ ಕೆಲಸಕ್ಕೆ ಬಾರದ್ದು ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರಂತೆ. ಓದಿನ ಹುಚ್ಚು ಹಿಡಿಸಿದವರು ಅತ್ತೆ. ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು, ಒಲೆಯ ಕೆಲಸ ನನಗಿರಲಿ ಎಂದು ಸೊಸೆಯನ್ನು ಸಂಜೆ ಕಾಲೇಜಿಗೆ ಅಟ್ಟಿದರು. ಬದಲಿಗೆ ಅವರು ಕೇಳಿದ್ದು ಒಂದೇ, ಅವತ್ತಿನ ಪಾಠವನ್ನು ಊಟದ ಹೊತ್ತಿನಲ್ಲಿ ತಮಗೂ ಹೇಳಬೇಕು.

ಹಾಗೆ ಒಂದು ದಿನ ಸ್ತ್ರೀವಾದದ ಪಾಠವೂ ಊಟದ ಮೇಜಿಗೆ ಬಂತು. ಆವತ್ತು ಅತ್ತೆಗೆ ಹೇಳಿದ್ದನ್ನೇ ಆಮೇಲಕ್ಕ ಈಗಲೂ, ಯಾರು ಕೇಳಿದರೂ ಹೇಳುತ್ತಾರೆ: "ಒಬ್ಬೊಬ್ಬಳೂ ನನ್ನ ಕಷ್ಟ ನನ್ನ ಹಣೆಬರಹ ಅಂತ ಒಳಗೊಳಗೇ ನುಂಗ್ಕೊಂಡಿರ್ತಾಳೆ. ನಾಲ್ಕು ಜನ ಕೂತು ಹೇಳ್ಕೊಂಡಾಗ ಎಲ್ಲರದೂ ಒಂದೇ ಕಷ್ಟ ಅಂತ ಗೊತ್ತಾಗುತ್ತೆ. ಎಲ್ಲರದೂ ಒಂದೇ ಅಂದ್ಮೇಲೆ ಅದನ್ನ ಯಾರೋ ಹಾಗೆ ಮಾಡಿಟ್ಟಿದ್ದಾರೆ ಅಂತ ಆಯ್ತಲ್ಲ. ಮಾಡಿಟ್ಟಿದ್ದನ್ನ ಬದಲಾಯಿಸಬಹುದು." ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, "ಇದನ್ನ ನನಗೆ ಯಾರೂ ಆಗ ಹೇಳ್ಲಿಲ್ಲವಲ್ಲೇ," ಎಂದರಂತೆ. ಅತ್ತೆ ಈಗಿಲ್ಲ.

ಆದರೆ ಪಾಠ ಬಾಯಿಗೆ ಬಂದಷ್ಟು ಸಲೀಸಾಗಿ ಕೈಗೆ ಬರಲಿಲ್ಲ. ಲಾಂಡ್ರಿಗೆ ಬರುವ ಮೊದಲು ಅವರು ಎರಡು ಗುಂಪು ಕಟ್ಟಿದ್ದರು, ಒಂದು ಹೊಲಿಗೆ ಕಾರ್ಖಾನೆಯಲ್ಲಿ, ಇನ್ನೊಂದು ಮಾರುಕಟ್ಟೆಯ ಹಿಂದಿನ ಬಾಡಿಗೆ ಮನೆಗಳ ಸಾಲಿನಲ್ಲಿ. ಅಲ್ಲಿ ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಂಡು ಓಡಾಡಿದರು: ಅರ್ಜಿ ಬರೆದವರು ಅವರೇ, ಮೇಲಿನವರ ಬಳಿ ವಾದಿಸಿದವರು ಅವರೇ, ಯಾರ ಮನೆಯಲ್ಲಿ ರಂಪವಾದರೂ ಹೋಗಿ ನಿಂತವರೂ ಅವರೇ. ಅವರಿದ್ದಷ್ಟು ದಿನ ಗುಂಪುಗಳು ತುಂಬಿ ತುಳುಕಿದವು. ಕಚೇರಿ ಅವರನ್ನು ಬೇರೆ ಕಡೆಗೆ ಹಾಕಿದ್ದೇ ತಡ, ಎರಡೂ ಮುಚ್ಚಿಹೋದವು. ಹೊಲಿಗೆ ಕಾರ್ಖಾನೆಯ ಹೆಂಗಸೊಬ್ಬರು ಬಸ್ಸಿನಲ್ಲಿ ಸಿಕ್ಕಿ, "ನೀವೇ ಇಲ್ಲ ಅಂದ್ಮೇಲೆ ನಾವ್ಯಾಕೆ ಕೂರೋದು ಹೇಳಿ," ಎಂದು ಪ್ರೀತಿಯಿಂದ ಕೈ ಹಿಡಿದುಕೊಂಡಿದ್ದರು. ಮೆಚ್ಚಿ ಹೇಳಿದ ಆ ಮಾತು ಆಮೇಲಕ್ಕನ ಎದೆಯಲ್ಲಿ ಮುಳ್ಳಾಗಿ ಉಳಿದಿದೆ.

ಲಾಂಡ್ರಿಯ ಗುಂಪಿಗೆ ಕಚೇರಿ ಕೊಟ್ಟ ಅವಧಿ ಈ ತಿಂಗಳಿಗೆ ಮುಗಿಯುತ್ತದೆ. ತಾನು ಹೋದ ಮೇಲೂ ಈ ಹೆಂಗಸರು ದುಂಡಗೆ ಕೂರುತ್ತಾರೆಯೇ, ಇಲ್ಲವೇ? ಬಡ್ತಿ, ಬಹುಮಾನ ಯಾವುದೂ ಅವರ ತಲೆಯಲ್ಲಿಲ್ಲ, ಇದೊಂದೇ ಕೊರೆಯುತ್ತಿದೆ.

ಈ ಗುಂಪು ಹುಟ್ಟಿದ್ದಕ್ಕೆ ಕಾರಣ ಜಗಳ. ಲಾಂಡ್ರಿ ಹೆಂಗಸರಿಗೆ ಸಿಟ್ಟು ಜಾಸ್ತಿಯಾಗಿದೆ, ಸ್ವಲ್ಪ ತಾಳ್ಮೆ ಕಲಿಸಿಕೊಡಿ ಎಂದು ಆಸ್ಪತ್ರೆಯವರು ಕಚೇರಿಯನ್ನು ಕೇಳಿಕೊಂಡಿದ್ದರು. ಸಿಟ್ಟು ಇದ್ದದ್ದೂ ನಿಜ. ದಿಂಬಿನ ಚೀಲಗಳ ಗಾಡಿ ಬಂದರೆ ಅದಕ್ಕೆ ಮುಗಿಬೀಳುವುದು, ದೊಡ್ಡ ಹೊದಿಕೆಗಳ ಗಾಡಿ ಬಂದರೆ ನೀನು ತಗೋ ನೀನು ತಗೋ ಎಂದು ಒಬ್ಬರ ಮೇಲೊಬ್ಬರು ಹರಿಹಾಯುವುದು. ಇಸ್ತ್ರಿ ಯಂತ್ರ ನೋಡಿಕೊಂಡು ಮಡಚುವ ಕೆಲಸವನ್ನೂ ಮಾಡುವ, ಎಲ್ಲರೂ ದೊಡ್ಡಮ್ಮ ಎಂದೇ ಕರೆಯುವ ಹಿರಿಯಾಕೆ ಬಾಯಿ ಮಾಡಿದರೆ ಮೇಲಿನ ವಾರ್ಡಿನ ರೋಗಿಗಳು ಎದ್ದು ಕೂರುತ್ತಿದ್ದರಂತೆ. ಇಷ್ಟರ ನಡುವೆ ಒಬ್ಬಳು ಮಾತ್ರ ಯಾರ ಜೊತೆಗೂ ಜಗಳವಾಡಿದವಳಲ್ಲ. ಎಲ್ಲರಿಗಿಂತ ಕಿರಿಯಳು. ದನಿ ಎಷ್ಟು ಸಣ್ಣದೆಂದರೆ ಅವಳಿಗೆ ಪಿಸುಮಾತು ಎಂದೇ ಅಡ್ಡಹೆಸರು.

ತಾಳ್ಮೆಯ ಪಾಠ ಮಾಡುವ ಬದಲು ಆಮೇಲಕ್ಕ ಜಗಳ ಯಾವ ಗಳಿಗೆಯಲ್ಲಿ ಶುರುವಾಗುತ್ತದೆ ಎಂದು ಕೇಳಿದರು. ದೊಡ್ಡ ಹೊದಿಕೆ ಬಂದಾಗ ಎಂದು ಎಲ್ಲರೂ ಒಪ್ಪಿದರು. ಯಾಕೆ ಎಂದರೆ ಒಬ್ಬೊಬ್ಬರದು ಒಂದೊಂದು ನೆಪ. ದೊಡ್ಡಮ್ಮ ವಯಸ್ಸಾಯಿತು, ಭುಜ ಏಳುವುದಿಲ್ಲ ಎಂದರು. ಇನ್ನೊಬ್ಬರು ಬಾಣಂತನದಲ್ಲಿ ಮೈ ಸೋತಿತು, ಅಲ್ಲಿಂದ ಭುಜ ಹಿಡಿದಿದೆ ಎಂದರು. ಮತ್ತೊಬ್ಬರು ಒಂದೇ ಮಗ್ಗುಲಲ್ಲಿ ಮಲಗುವ ತಮ್ಮ ಕೆಟ್ಟ ಅಭ್ಯಾಸವನ್ನು ದೂರಿದರು. ಟವೆಲ್ ಸುತ್ತಿ ಸುತ್ತಿ ಕಿರಿಯಳ ಮಡಿಲಿಗೆ ಬಂತು.

"ನನಗೂ ಭುಜಾನೇ," ಎಂದಳು ಪಿಸುಮಾತು. "ಬಲಗಡೇದು."

ಇವಳಿಗೆ ವಯಸ್ಸೂ ಆಗಿಲ್ಲ, ಬಾಣಂತನವೂ ಆಗಿಲ್ಲ. ಕೋಣೆಯಲ್ಲಿದ್ದ ಅಷ್ಟೂ ಹೆಂಗಸರು ತಮ್ಮ ತಮ್ಮ ಬಲಭುಜ ಮುಟ್ಟಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಎದ್ದುಹೋಗಿ, ಪಾಳಿಯುದ್ದಕ್ಕೂ ತಾವು ನಿಲ್ಲುವ ಬಟ್ಟೆ ಮಡಚುವ ಮೇಜುಗಳಿಗೆ ಎದೆಯೊತ್ತಿ ಸಾಲಾಗಿ ನಿಂತರು. ಮೇಜಿನ ಅಂಚು ಎದೆಯ ಮಟ್ಟಕ್ಕೆ ಬಂತು. ಹಿಂದೆ ಲಾಂಡ್ರಿಯಲ್ಲಿ ಗಂಡಸರೇ ಇದ್ದ ಕಾಲದಲ್ಲಿ ಅವರ ಅಳತೆಗೆ ಮಾಡಿಸಿದ ಮೇಜುಗಳು ಅವು. ಗಂಡಸರು ವಾಹನ ಓಡಿಸುವ ಕೆಲಸಕ್ಕೆ ಹೋದರು, ಹೆಂಗಸರು ಬಂದರು, ಮೇಜು ಮಾತ್ರ ಹಾಗೇ ಉಳಿಯಿತು. ಇಷ್ಟು ವರ್ಷ ನಮ್ಮ ಮೈಯನ್ನು ಶಪಿಸಿಕೊಂಡೆವಲ್ಲ ಎಂದು ದೊಡ್ಡಮ್ಮ ಮೇಜಿಗೊಂದು ಗುದ್ದು ಕೊಟ್ಟು, ಭುಜ ಹಿಡಿದುಕೊಂಡು, ತಾವೇ ನಕ್ಕರು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲಕ್ಕ ಮಾಡಿದ ಎಡವಟ್ಟು ಇನ್ನು ಮುಂದಿನದು. ಅವತ್ತು ಅವರಿಗೆ ಖುಷಿ ತಡೆಯಲಾಗಲಿಲ್ಲ. ಪುಸ್ತಕದಲ್ಲಿ ಓದಿದ್ದು ಕಣ್ಣೆದುರೇ ನಡೆದುಬಿಟ್ಟಿದೆ! ಹೆಂಗಸರು ಮನೆಗೆ ಹೊರಟ ಬೆನ್ನಿಗೇ ಇವರು ಮೇಲಿನ ಮಹಡಿಗೆ ಓಡಿ, ಆಡಳಿತಾಧಿಕಾರಿಯ ಮುಂದೆ ಅರಳು ಹುರಿದ ಹಾಗೆ ಮಾತಾಡಿ, ಮೇಜಿನ ವಿಷಯಕ್ಕೆ ಏನಾದರೂ ಮಾಡುತ್ತೇನೆಂಬ ಮಾತು ಪಡೆದು ಗೆದ್ದ ಮುಖದಲ್ಲಿ ಬಂದರು. ಅಧಿಕಾರಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹತ್ತಿ ನಿಲ್ಲಲೆಂದು ಮೇಜಿನುದ್ದಕ್ಕೂ ಮರದ ಹಲಗೆಗಳನ್ನು ಹಾಕಿಸಿದರು. ಒದ್ದೆ ನೆಲ, ಅದರ ಮೇಲೆ ಹಲಗೆ! ಗಾಡಿ ಹೋಗಲು ದಾರಿಯಿಲ್ಲ. ಹತ್ತಿದವರು ಜಾರುವುದು, ಇಳಿದವರು ಎಡವುವುದು. ವಾರ ಕಳೆಯುವಷ್ಟರಲ್ಲಿ ಹೆಂಗಸರ ಮುಖವೆಲ್ಲ ಸಿಟ್ಟಿಗೆ ಊದಿಕೊಂಡಿತ್ತು.

ಮುಂದಿನ ಸಲ ಕೂತಾಗ ಟವೆಲನ್ನು ದೊಡ್ಡಮ್ಮ ತಾವಾಗಿ ಎತ್ತಿಕೊಂಡರು. ಆಶ್ಚರ್ಯವೆಂದರೆ ಅವರು ಕೂಗಾಡಲಿಲ್ಲ.

"ಭುಜ ನಮ್ದು, ಮಾತು ಮಾತ್ರ ನಿಮ್ದಾ ಅಕ್ಕ? ಮನೇಲಿ ನಮ್ಮ ಗಂಡಸರು ಮಾಡೋದೂ ಇದೇ. ಎಲ್ಲಾ ನಮ್ಮ ಒಳ್ಳೇದಕ್ಕೇ ಮಾಡ್ತಾರೆ, ನಮ್ಮನ್ನ ಒಂದು ಮಾತು ಕೇಳಲ್ಲ ಅಷ್ಟೇ. ನೀವೂ ಹಾಗೇ ಮಾಡ್ಬಿಟ್ರಿ."

ಆಮೇಲಕ್ಕನ ನಾಲಗೆಯ ತುದಿಯಲ್ಲಿ ಹತ್ತು ಸಮಜಾಯಿಷಿಗಳು ಸಾಲುಗಟ್ಟಿ ನಿಂತವು. ಆದರೆ ಟವೆಲ್ ಬೇಕಲ್ಲ? ಅದು ಒಬ್ಬರಿಂದ ಒಬ್ಬರಿಗೆ ಹೋಗಿ ಇಡೀ ದುಂಡು ಸುತ್ತಿ ರಾಶಿಗೆ ಮರಳಿತೇ ಹೊರತು ಬಕೆಟ್ಟಿನ ಕಡೆಗೆ ಬರಲೇ ಇಲ್ಲ. "ಅವತ್ತು ಅಳು ಬಂದಿದ್ರೆ ಕಣ್ಣೊರೆಸ್ಕೊಳ್ಳೋಕೂ ನನಗೆ ಟವೆಲ್ ಸಿಕ್ತಿರ್ಲಿಲ್ಲ," ಎಂದು ಈಗ ಹೊಟ್ಟೆ ಹಿಡಿದು ನಗುತ್ತಾರೆ. ಆವತ್ತು ನಗು ಬಂದಿರಲಿಲ್ಲ. ಹಿಂದಿನ ಎರಡು ಗುಂಪುಗಳು ಯಾಕೆ ಉಳಿಯಲಿಲ್ಲ ಎಂಬುದು ಮನೆಗೆ ಹೋಗುವ ಬಸ್ಸಿನಲ್ಲಿ ಅವರಿಗೆ ಸರಿಯಾಗಿ ಅರ್ಥವಾಗಿತ್ತು.

ಹೆಂಗಸರು ಒಂದು ತೀರ್ಮಾನಕ್ಕೆ ಬಂದರು. ಅಧಿಕಾರಿಯನ್ನೇ ಕೆಳಗೆ ಕರೆಯುವುದು. ಮಾತಾಡುವವರು ತಾವು. ಆಮೇಲಕ್ಕ ಬರಬಹುದು, ಟವೆಲ್ ಮಾತ್ರ ಕೇಳಬಾರದು. ಮಾತಾಡುವವರು ಯಾರು ಎಂದಾಗ ಎಲ್ಲರ ಕಣ್ಣೂ ದೊಡ್ಡಮ್ಮನ ಕಡೆ ತಿರುಗಿತು. ದೊಡ್ಡಮ್ಮ ಬೇಡವೆಂದು ತಲೆಯಾಡಿಸಿದರು. ತಾವು ಬಾಯಿ ತೆರೆದರೆ ಅದನ್ನು ಜಗಳದ ಲೆಕ್ಕಕ್ಕೇ ಹಾಕುತ್ತಾರೆ, ಪಿಸುಮಾತು ಹೇಳಲಿ ಎಂದರು. ಕಿರಿಯಳು ಬೆದರಿ, ಆಮೇಲೆ ಯೋಚಿಸಿ, ಹೂಂ ಎಂದಳು. ಪಕ್ಕದಲ್ಲಿ ಕೂತವರಿಗೇ ಕೇಳಿಸದ ದನಿ ಅದು. ಬೇಡ ಎನ್ನಲು ಬಾಯಿ ತೆರೆದ ಆಮೇಲಕ್ಕ ಹಾಗೇ ಮುಚ್ಚಿಕೊಂಡರು.

ಆ ಮುಂಜಾನೆ ಆಡಳಿತಾಧಿಕಾರಿ ಬಾಗಿಲಲ್ಲಿ ತಲೆ ತಗ್ಗಿಸಿಕೊಂಡೇ ಒಳಗೆ ಬಂದರು. ಅಷ್ಟು ಎತ್ತರದ ಮನುಷ್ಯ. ಒಳ್ಳೆಯವರೇ, ಆದರೆ ಅವಸರದವರು. ಎಲ್ಲರೂ ಕೂತಾಗಿತ್ತು, ಅವರ ಪಾಲಿಗೆ ಬಕೆಟ್ಟು ಉಳಿದಿತ್ತು. ಮೊಣಕಾಲು ಗಲ್ಲಕ್ಕೆ ತಾಗುವಂತೆ ಅದರ ಮೇಲೆ ಕೂತು, ಹಲಗೆ ಹಾಕಿಸಿದ್ದರ ಬಗ್ಗೆ ನಾಲ್ಕು ಮಾತು ಶುರು ಮಾಡಿದರು. ದೊಡ್ಡಮ್ಮ ಕೈ ಎತ್ತಿ ತಡೆದರು.

"ಸರ್, ಟವೆಲ್ ಇನ್ನೂ ನಿಮಗೆ ಬಂದಿಲ್ಲ."

ಅಧಿಕಾರಿ ಎಡಕ್ಕೂ ಬಲಕ್ಕೂ ನೋಡಿ, ನಿಯಮ ಗೊತ್ತಾಗಿ, ಬಾಯಿ ಮುಚ್ಚಿದರು. ಟವೆಲ್ ಪಿಸುಮಾತಿನ ಮಡಿಲಲ್ಲಿತ್ತು. ಅವಳು ಅದರ ಅಂಚನ್ನು ಹಿಂಡುತ್ತ ಕೂತಳು. ಮಾತು ಹೊರಡಲಿಲ್ಲ. ಆಮೇಲಕ್ಕನಿಗೆ ಒಂದೊಂದು ಕ್ಷಣವೂ ಯುಗವಾಯಿತು. ಹೇಳಬೇಕಾದದ್ದೆಲ್ಲ ಅವರಿಗೆ ಗೊತ್ತಿದೆ, ಎರಡು ವಾಕ್ಯ ಹೇಳಿದರೆ ಮುಗಿಯಿತು, ಈ ಹುಡುಗಿಯನ್ನು ಹೀಗೆ ಒದ್ದಾಡಲು ಬಿಡುವುದು ಯಾವ ನ್ಯಾಯ ಎಂದು ಜೀವ ತಹತಹಿಸಿತು. ತುಟಿ ತೆರೆದೇ ಬಿಟ್ಟರು. ಅಷ್ಟರಲ್ಲಿ ಪಕ್ಕದಲ್ಲಿದ್ದ ದೊಡ್ಡಮ್ಮ ಅವರ ಪಾದವನ್ನು ತಮ್ಮ ರಬ್ಬರ್ ಚಪ್ಪಲಿಯಿಂದ ಗಟ್ಟಿಯಾಗಿ ಒತ್ತಿ ಹಿಡಿದರು.

ಪಿಸುಮಾತು ಏನೋ ಹೇಳಿದಳು. ಕೇಳಿಸದೆ ಅಧಿಕಾರಿ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡು ಕಿವಿ ಮುಂದೆ ಮಾಡಿದರು. ಅವಳು ಮತ್ತೆ ಹೇಳಿದಳು. ಒಂದು ಸ್ಟೂಲನ್ನು ಮೇಜಿನ ಹತ್ತಿರ ಹಾಕಿಕೊಂಡು, ಕೂತಲ್ಲಿಂದಲೇ ಒಂದಿಷ್ಟು ಹೊದಿಕೆ ಮಡಚಿಕೊಡುತ್ತೀರಾ ಎಂಬುದು ಅವಳ ಪ್ರಶ್ನೆ. ಹೆಂಗಸರು ಅಲ್ಲಿದ್ದ ಹಲಗೆಯನ್ನು ಬದಿಗೆ ಸರಿಸಿದರು, ಅಧಿಕಾರಿ ನಗುತ್ತಲೇ ಕೂತರು. ಅವರಿಗೂ ಈಗ ಮೇಜು ಎದೆಯ ಮಟ್ಟಕ್ಕೆ ಬಂತು. ಮೊದಲನೆಯದನ್ನು ಹುರುಪಿನಿಂದ ಮಡಚಿದರು, ಎರಡನೆಯದನ್ನು ಮೆಲ್ಲಗೆ. ಕೆಲವೇ ಹೊದಿಕೆಗಳಾಗುವಷ್ಟರಲ್ಲಿ ಕೈ ನಿಲ್ಲಿಸಿ ಬಲಭುಜವನ್ನು ಗಿರಗಿರ ತಿರುಗಿಸತೊಡಗಿದರು. ದುಂಡಗೆ ಕೂತವರಲ್ಲಿ ಯಾರಿಗೂ ನಗು ತಡೆಯಲಾಗಲಿಲ್ಲ, ಅಧಿಕಾರಿಗೂ.

ನಗು ಇಳಿದ ಮೇಲೆ ಪಿಸುಮಾತು ಹೇಳಿದಳು: "ನಾವೆಲ್ಲ ಇದು ನಮ್ಮ ಮೈ ದೋಷ ಅಂದ್ಕೊಂಡಿದ್ವಿ ಸರ್. ಹಲಗೆ ತೆಗೆಸಿ, ಮೇಜು ತಗ್ಗಿಸಿ. ಎಷ್ಟು ತಗ್ಗಿಸ್ಬೇಕು ಅನ್ನೋದನ್ನ ಮಾತ್ರ ನಮ್ಮನ್ನ ಕೇಳಿ ಮಾಡಿ." ಹೇಳಿ, ಟವೆಲನ್ನು ಅವರ ಕೈಗಿಟ್ಟಳು. ಅಧಿಕಾರಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಹಲಗೆ ಹಾಕಿಸಿ ಮಹದುಪಕಾರ ಮಾಡಿದೆನೆಂದು ಬೀಗುತ್ತಿದ್ದೆ, ನಿಮ್ಮನ್ನು ಕೇಳಬೇಕೆಂದು ಹೊಳೆದಿರಲಿಲ್ಲ ಎಂದರು. ಮೊದಲು ಒಂದು ಮೇಜು ತಗ್ಗಿಸೋಣ, ಸರಿಬಂದರೆ ಇನ್ನೊಂದು ಎಂದೂ ಹೇಳಿದರು.

ಬಡಗಿ ಬಂದ ದಿನ ಬೇರೊಂದು ತಮಾಷೆ ನಡೆಯಿತು. ಎಷ್ಟು ತಗ್ಗಿಸಬೇಕೆಂದು ಹೆಂಗಸರಲ್ಲೇ ಒಮ್ಮತವಿಲ್ಲ. ಉದ್ದದವರಿಗೆ ಒಂದು, ಗಿಡ್ಡದವರಿಗೆ ಒಂದು. ಗರಗಸ ಹಿಡಿದ ಬಡಗಿ ತಲೆಯ ಮೇಲೆ ಕೈಹೊತ್ತು ಕೂತ. ಕೊನೆಗೆ ಎರಡು ಮೇಜಿಗೆ ಎರಡು ಎತ್ತರ ಎಂದಾಯಿತು. ಆಮೇಲಕ್ಕ ಅವತ್ತು ಬಂದಿರಲಿಲ್ಲ. ಅವರನ್ನು ಯಾರೂ ಕರೆದಿರಲಿಲ್ಲ. ಎಲ್ಲರ ಭುಜವೂ ವಾಸಿಯಾಗಿದೆ ಎಂದೇನಲ್ಲ. ದೊಡ್ಡಮ್ಮನದು ಈಗಲೂ ಚಳಿಗೆ ಹಿಡಿದುಕೊಳ್ಳುತ್ತದೆ. ಜಗಳವೂ ಪೂರ್ತಿ ನಿಂತಿಲ್ಲ, ಆದರೆ ದೊಡ್ಡ ಹೊದಿಕೆಗಳ ಗಾಡಿ ಬಂದರೆ ಯಾರೂ ಈಗ ಮುಖ ತಿರುಗಿಸುವುದಿಲ್ಲ.

ಇವತ್ತಿನ ಮಾತುಕತೆ ಮುಗಿದಿದೆ. ಹೆಂಗಸರು ಮನೆಯ ಒಲೆ ನೆನೆಸಿಕೊಂಡು ಗಡಿಬಿಡಿಯಲ್ಲಿ ಹೊರಟಿದ್ದಾರೆ. ಆಮೇಲಕ್ಕ ಹಿಂಬದಿಯ ಓಣಿಯಲ್ಲಿ ನಡೆದು ಹೋಗುವಾಗ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸೊಬ್ಬರು, ಕೈಯಲ್ಲಿ ನೊರೆ ಹಾಗೇ ಇರುವಂತೆ, ಅವರನ್ನು ತಡೆದು ನಿಲ್ಲಿಸುತ್ತಾರೆ. ನೀವೂ ಲಾಂಡ್ರಿ ಗುಂಪಿನವರಾ ಎಂದು ಕೇಳುತ್ತಾರೆ. ಅಡುಗೆಮನೆಯ ಹೆಂಗಸರೂ ಈಗ ಮಧ್ಯಾಹ್ನದ ಹೊತ್ತು ಕೂರುತ್ತಾರಂತೆ, ಬರುವ ಮನಸ್ಸಿದ್ದರೆ ಬರಬಹುದಂತೆ. ಯಾರು ನಡೆಸುತ್ತಾರೆ ಎಂದು ಆಮೇಲಕ್ಕ ವಿಚಾರಿಸುತ್ತಾರೆ.

"ನಡೆಸೋರು ಅಂತ ಯಾರೂ ಇಲ್ಲಮ್ಮ. ಲಾಂಡ್ರಿಯಿಂದ ಆ ಮೆಲ್ಲಗೆ ಮಾತಾಡೋ ಹುಡುಗಿ ಬಂದು ಹೇಗೆ ಕೂರ್ಬೇಕು ಅಂತ ತೋರಿಸಿ ಹೋದ್ಲು. ಆ ಇಸ್ತ್ರಿ ದೊಡ್ಡಮ್ಮಾನೂ ಒಂದಿನ ಬಂದಿದ್ರು. ನಾವು ಸೌಟು ಹಿಡ್ಕೊಂಡು ಮಾತಾಡ್ತೀವಿ."

ಇದು ಶುರುವಾಗಿ ಎಷ್ಟೋ ದಿನವಾಗಿದೆ. ಇವತ್ತು ಬೆಳಿಗ್ಗೆಯೂ ಲಾಂಡ್ರಿಯ ಹೆಂಗಸರು ಇವರ ಎದುರೇ ಕೂತು ಚಹಾ ಕುಡಿದಿದ್ದಾರೆ. ಯಾರೊಬ್ಬರೂ ಈ ವಿಷಯ ಎತ್ತಿಲ್ಲ. ಆಮೇಲಕ್ಕ ಓಣಿಯ ನಡುವೆ ನಿಂತುಬಿಡುತ್ತಾರೆ. ಕಣ್ಣು ತುಂಬಿದೆ, ನಗುವಿಗೆ ಬಾಯಿ ಅಗಲವಾಗಿದೆ. ಪಾತ್ರೆಯ ಹೆಂಗಸು ಗಾಬರಿಯಾಗಿ ಏನಾಯಿತಮ್ಮ ಎಂದು ಕೇಳುತ್ತಾರೆ. ಏನಿಲ್ಲ ಎಂದು ಅವರ ನೊರೆಗೈಯನ್ನೇ ಹಿಡಿದು ಕುಲುಕಿ ಬಸ್‌ಸ್ಟಾಪಿನ ಕಡೆ ನಡೆಯುತ್ತಾರೆ.

ನಿಮಗೆ ಹೇಳಲಿಲ್ಲವೆಂದು ಬೇಸರವಾಯಿತೇ ಎಂದರೆ ಬಸ್ಸಿಗೆ ಕಾಯುತ್ತ ಅವರು ಕೊಡುವ ಉತ್ತರ ಇದು:

"ಒಂಚೂರು ಆಯ್ತು, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಅವರೇನೂ ಮುಚ್ಚಿಟ್ಟಿಲ್ಲ, ಬೇಕಂತ ಬಿಟ್ಟಿದ್ದೂ ಅಲ್ಲ. ನನ್ನನ್ನ ಕೇಳ್ಬೇಕು ಅನ್ನೋದು ಅವರಿಗೆ ನೆನಪಿಗೇ ಬಂದಿಲ್ಲ. ನನ್ನ ಕೆಲಸ ಆಯ್ತು."